ದಾಳಿಂಬೆಗೆ ನೀರು: ಹದ ತಪ್ಪಿದರೆ ಹಣ್ಣು ಬಿರಿಯುತ್ತದೆ



ರೋಹಿಣಿ ಮಳೆಯ ಮೊದಲ ಹನಿ ನೆಲಕ್ಕೆ ಬಿದ್ದಾಗ ಬಯಲುಸೀಮೆಯ ರೈತನಿಗೆ ಆಗುವ ಆನಂದ ಅಷ್ಟಿಷ್ಟಲ್ಲ. ಆದರೆ ಅದೇ ಮಳೆ ದಾಳಿಂಬೆ ತೋಟದವನ ಎದೆಯಲ್ಲಿ ಅಳುಕು ಹುಟ್ಟಿಸುತ್ತದೆ. ನಿನ್ನೆಯವರೆಗೆ ಗುಂಡಗೆ, ಕೆಂಪಗೆ, ಕೈತುಂಬುವಂತಿದ್ದ ಹಣ್ಣು ಮಳೆ ಸುರಿದ ಎರಡು ಮೂರು ದಿನಗಳಲ್ಲಿ ಬಾಯಿ ಬಿಟ್ಟು ನಿಲ್ಲುತ್ತದೆ. ಒಳಗಿನ ಕಾಳು ಹೊರಗೆ ಕಾಣುತ್ತದೆ. ಇರುವೆ ಮುತ್ತುತ್ತವೆ, ಬೂಷ್ಟು ಹಿಡಿಯುತ್ತದೆ. ಬಿರಿದ ಹಣ್ಣನ್ನು ದೂರದ ಪೇಟೆಗೆ ಕಳಿಸುವಂತಿಲ್ಲ. ಹತ್ತಿರದ ಸಂತೆಯಲ್ಲಿಯೂ ಅದನ್ನು ಕೇಳುವವರು ಕಡಿಮೆ. ಗೊಬ್ಬರ, ಔಷಧಿ, ಆಳುಗಳ ಕೂಲಿ, ಐದಾರು ತಿಂಗಳ ಕಾಯುವಿಕೆ ಎಲ್ಲವೂ ಮುಗಿದು ಇನ್ನೇನು ಫಸಲು ಕೈಗೆ ಬಂತು ಎನ್ನುವಾಗ ಆಗುವ ನಷ್ಟ ಇದು. ಆದ್ದರಿಂದಲೇ ಇದರ ನೋವು ಹೆಚ್ಚು.

ಇಂಥ ಸಮಯದಲ್ಲಿ ನಾವು ಸಾಮಾನ್ಯವಾಗಿ ಕೇಳುವ ಮಾತೊಂದಿದೆ: "ಮಳೆ ಬಂದು ಕೆಡಿಸಿತು." ಈ ಮಾತು ಅರ್ಧ ಮಾತ್ರ ಸತ್ಯ. ಉಳಿದ ಅರ್ಧವನ್ನು ನಿಮ್ಮ ಮುಂದಿಡುವುದೇ ಈ ವಾರದ ನಮ್ಮ ಉದ್ದೇಶ.

ಒಂದೇ ಬದುವಿನ ಆಚೆ ಈಚೆ ಎರಡು ತೋಟಗಳಿವೆ ಎಂದುಕೊಳ್ಳಿ. ಜಾತಿ ಒಂದೇ, ಮಣ್ಣು ಒಂದೇ, ಗಿಡಗಳ ವಯಸ್ಸೂ ಒಂದೇ. ಸುರಿದ ಮಳೆಯೂ ಒಂದೇ. ಆದರೂ ಒಂದು ತೋಟದಲ್ಲಿ ಹಣ್ಣು ರಾಶಿ ರಾಶಿಯಾಗಿ ಬಿರಿಯುತ್ತದೆ, ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ. ಮಳೆಯೊಂದೇ ಕಾರಣವಾಗಿದ್ದರೆ ಹೀಗಾಗಲು ಸಾಧ್ಯವೇ? ವ್ಯತ್ಯಾಸ ಇರುವುದು ಮಳೆಗೆ ಮುಂಚಿನ ಒಂದೆರಡು ತಿಂಗಳಲ್ಲಿ. ಆ ಬಿಸಿಲಿನಲ್ಲಿ ಯಾರ ತೋಟದ ನೆಲ ಒಂದೇ ಹದದಲ್ಲಿ ಹಸಿಯಾಗಿತ್ತು, ಯಾರ ನೆಲ ಒಮ್ಮೆ ಒಣಗಿ ಒಮ್ಮೆ ನೆನೆದಿತ್ತು ಎಂಬುದರಲ್ಲಿ. ಹಣ್ಣು ಜೂನ್‌ನಲ್ಲಿ ಬಿರಿದರೂ ಬಿರುಕಿನ ಬೀಜ ಬಿದ್ದಿರುವುದು ಏಪ್ರಿಲ್ ಮೇ ತಿಂಗಳಲ್ಲಿ.

ಸಿಪ್ಪೆಗೂ ಕಾಳಿಗೂ ಜಗಳ

ದಾಳಿಂಬೆ ಹಣ್ಣೆಂದರೆ ಒಂದು ಬಿಗಿಯಾದ ಚೀಲದಲ್ಲಿ ತುಂಬಿಟ್ಟ ಕಾಳುಗಳು. ಕಾಳು ದಪ್ಪವಾದಂತೆಲ್ಲ ಸಿಪ್ಪೆಯೂ ಹಿಗ್ಗುತ್ತಾ ಹೋಗಬೇಕು. ನೆಲದಲ್ಲಿ ತೇವ ಸಮನಾಗಿದ್ದಾಗ ಎರಡೂ ಜೊತೆಜೊತೆಯಾಗಿ ಬೆಳೆಯುತ್ತವೆ. ನೀರು ಸಾಲದೆ ಹೋದಾಗ ಎರಡರ ಬೆಳವಣಿಗೆಯೂ ಕುಂಠಿತವಾಗುತ್ತದೆ. ಬಿಸಿಗಾಳಿ ಮತ್ತು ಬಿಸಿಲಿಗೆ ಮೈಯೊಡ್ಡಿದ ಸಿಪ್ಪೆ ಮಾತ್ರ ಒಣಗಿ ಗಡುಸಾಗುತ್ತದೆ, ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮಳೆ ಬಂದರೆ ಅಥವಾ ನೀವೇ ಪಾತಿ ತುಂಬ ನೀರು ಹಾಯಿಸಿದರೆ, ಬಾಯಾರಿದ ಬೇರು ಆ ನೀರನ್ನು ಒಮ್ಮೆಲೇ ಹೀರಿ ಮೇಲಕ್ಕೆ ಕಳಿಸುತ್ತದೆ. ಒಳಗೆ ಕಾಳು ಉಬ್ಬುತ್ತದೆ. ಹೊರಗೆ ಸಿಪ್ಪೆ ಹಿಗ್ಗಲಾರದು. ಕೊನೆಗೆ ಸಿಪ್ಪೆ ಸೋತು ಸೀಳುತ್ತದೆ.

ಇದು ದಾಳಿಂಬೆಗೆ ಮಾತ್ರ ಬಂದ ಕಷ್ಟವಲ್ಲ. ಒಣಗಿದ ಮಡಿಗೆ ಒಮ್ಮೆಲೇ ನೀರು ಬಿಟ್ಟಾಗ ಟೊಮೇಟೊ ಹಣ್ಣು ಒಡೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಕಾರಣ ಅದೇ. ಟೊಮೇಟೊದಲ್ಲಿ ಹೋದರೆ ಮುಂದಿನ ಕೊಯ್ಲಿಗೆ ಬೇರೆ ಕಾಯಿ ಇರುತ್ತದೆ. ದಾಳಿಂಬೆಯಲ್ಲಿ ಹೋದರೆ ಆ ಬಹಾರ್ ಹೋದಂತೆಯೇ.

ಆದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಹಣ್ಣು ಬಿರಿಯುವುದು ನೀರು ಹೆಚ್ಚಾಗಿಯೂ ಅಲ್ಲ, ಕಡಿಮೆಯಾಗಿಯೂ ಅಲ್ಲ. ಕಡಿಮೆಯಿಂದ ಹೆಚ್ಚಿಗೆ ಒಮ್ಮೆಲೇ ಹಾರುವುದರಿಂದ.

ಬರ ತಡೆಯುವ ಗಿಡ, ಬರ ತಡೆಯದ ಹಣ್ಣು

ದಾಳಿಂಬೆ ಇರಾನ್ ಕಡೆಯ ಒಣ ಸೀಮೆಯ ಗಿಡ. ಕಲ್ಲು ನೆಲದಲ್ಲಿ, ಕಡಿಮೆ ನೀರಿನಲ್ಲಿ ಬದುಕುವ ಶಕ್ತಿ ಅದಕ್ಕಿದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯ ರೈತರು ಇದನ್ನು ಅಪ್ಪಿಕೊಂಡದ್ದು ಈ ಗುಣಕ್ಕಾಗಿಯೇ. ಆದರೆ ಈ ಹೆಸರೇ ನಮ್ಮನ್ನು ಮೋಸಗೊಳಿಸುತ್ತದೆ. ಬರ ತಡೆಯುವುದು ಗಿಡ, ಹಣ್ಣಲ್ಲ. ನೀರಿಲ್ಲದಿದ್ದರೂ ಗಿಡ ಸಾಯುವುದಿಲ್ಲ ಎಂಬ ಧೈರ್ಯದಲ್ಲಿ ನಾವು ನೀರು ತಪ್ಪಿಸುತ್ತೇವೆ. ಗಿಡ ಬದುಕುತ್ತದೆ. ಹಣ್ಣು ಮಾತ್ರ ಆ ತಪ್ಪನ್ನು ಮರೆಯುವುದಿಲ್ಲ.

ಇದಕ್ಕೆ ಇನ್ನೊಂದು ಗೊಂದಲವೂ ಸೇರಿದೆ. ಹೂವು ಒಂದೇ ಸಮನೆ ಬರಲೆಂದು ಬಹಾರ್‌ಗೆ ಮೊದಲು ನಾವೇ ಬೇಕೆಂದು ನೀರು ನಿಲ್ಲಿಸುತ್ತೇವೆ. ಹಗುರ ಮಣ್ಣಿನಲ್ಲಿ ಸುಮಾರು ನಾಲ್ಕೈದು ವಾರ, ಎರೆ ಭೂಮಿಯಲ್ಲಿ ಅದಕ್ಕಿಂತ ಹೆಚ್ಚು ದಿನ. ಎಲೆ ಹಳದಿಯಾಗಿ ಉದುರಿದ ಮೇಲೆ ಸವರಿ, ಗೊಬ್ಬರ ಕೊಟ್ಟು ನೀರು ಬಿಡುತ್ತೇವೆ. ಇದು ಸರಿಯಾದ ಕ್ರಮವೇ. ಆದರೆ ಗಿಡಕ್ಕೆ ಬಾಯಾರಿಕೆ ಕೊಡಲು ಇರುವ ಕಾಲ ಇದೊಂದೇ. ಹೂವು ಕಾಯಿಯಾಗಿ ನಿಂತ ಮೇಲೆ ಕೊಯ್ಲಿನವರೆಗೆ ಮತ್ತೆ ಬಾಯಾರಿಸುವಂತಿಲ್ಲ. ವಿಶ್ರಾಂತಿಯ ನಂತರದ ಮೊದಲ ನೀರು ಕೂಡ ಹಗುರವಾಗಿರಬೇಕು. ಮೊದಲ ದಿನವೇ ಕೆರೆಯಂತೆ ತುಂಬಿಸಿದರೆ ಹೂವು ಉದುರುತ್ತದೆ. ಸ್ವಲ್ಪದಿಂದ ಆರಂಭಿಸಿ ದಿನ ಕಳೆದಂತೆ ಏರಿಸುತ್ತಾ ಹೋಗಬೇಕು.

ಮೂರು ಬಹಾರ್, ಮೂರು ಬಗೆಯ ಅಪಾಯ

ಜನವರಿ ಫೆಬ್ರವರಿಯಲ್ಲಿ, ಮಾವು ಹೂ ಬಿಡುವ ಕಾಲಕ್ಕೆ, ಹೂ ಬಿಡುವುದು ಅಂಬೆ ಬಹಾರ್. ಇದರ ಕಾಯಿ ಕಡು ಬೇಸಿಗೆಯಲ್ಲಿ ಬೆಳೆದು ಮುಂಗಾರಿನ ಹೊತ್ತಿಗೆ ಬಲಿಯುತ್ತದೆ. ಒಣಗಿದ ನೆಲ, ಗಡುಸಾದ ಸಿಪ್ಪೆ, ಅದರ ಮೇಲೆ ರೋಹಿಣಿ ಮೃಗಶಿರದ ಮಳೆ. ನೀರಿನ ಬಿರುಕಿಗೆ ಇದಕ್ಕಿಂತ ಅನುಕೂಲ ಕಾಲ ಬೇರೆ ಬೇಕೆ? ಕೊಳವೆ ಬಾವಿಯಲ್ಲಿ ಬೇಸಿಗೆಯುದ್ದಕ್ಕೂ ನೀರು ನಿಲ್ಲುವ ಖಾತರಿಯಿಲ್ಲದವರು ಅಂಬೆ ಬಹಾರ್‌ಗೆ ಕೈಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು.

ಜೂನ್ ಜುಲೈಯಲ್ಲಿ ಹೂ ಬಿಡುವುದು ಮೃಗ್ ಬಹಾರ್. ಮಳೆಗಾಲದ ಆಸರೆಯಿರುವುದರಿಂದ ನೀರಿನ ಚಿಂತೆ ಕಡಿಮೆ, ರೋಗದ ಚಿಂತೆ ಹೆಚ್ಚು. ಮಳೆ ನಿಂತ ಮೇಲೆ "ಇನ್ನೂ ನೆಲ ಹಸಿ ಇದೆ" ಎಂದು ಸುಮ್ಮನಿರುವುದು ಇಲ್ಲಿಯ ತಪ್ಪು. ಕಾಯಿ ಬಲಿಯುವುದು ಹಗಲು ಬಿಸಿಲು, ರಾತ್ರಿ ಚಳಿ ಇರುವ ದಿನಗಳಲ್ಲಿ. ಹಗಲು ರಾತ್ರಿಯ ಈ ವ್ಯತ್ಯಾಸವೂ ಸಿಪ್ಪೆಯನ್ನು ಸೀಳಬಲ್ಲದು.

ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೂ ಬಿಡುವುದು ಹಸ್ತ ಬಹಾರ್. ಇದರ ಹಣ್ಣು ಮಾರ್ಚ್ ಏಪ್ರಿಲ್‌ಗೆ ಸಿದ್ಧ. ಇಲ್ಲಿ ಕಾಡುವುದು ಕೊನೆಯ ದಿನಗಳ ಒಣಗಾಳಿ ಮತ್ತು ಒಮ್ಮೊಮ್ಮೆ ಸುರಿಯುವ ಅಕಾಲಿಕ ಮಳೆ.

ಯಾವ ಬಹಾರ್ ಲಾಭ ಎಂದು ಕೇಳುವವರು ಪೇಟೆಯ ಧಾರಣೆಯನ್ನಷ್ಟೇ ನೋಡುತ್ತಾರೆ. ಕಾಯಿ ಕೊನೆಯ ಎರಡು ತಿಂಗಳು ದಪ್ಪವಾಗುವ ಕಾಲಕ್ಕೆ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ಮೊದಲು ನೋಡಿ ಎಂಬುದು ನಮ್ಮ ಸಲಹೆ.

ಎಲ್ಲ ಬಿರುಕೂ ನೀರಿನದಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿರುಕು ಕಂಡ ಕೂಡಲೇ ನೀರನ್ನೇ ದೂರಬಾರದು. ಎಳೆಯ ಕಾಯಿಗಳೇ ಬಿರಿಯುತ್ತಿದ್ದರೆ ಬೋರಾನ್ ಕೊರತೆಯನ್ನು ಅನುಮಾನಿಸಬೇಕು. ಮಣ್ಣು ಮತ್ತು ಎಲೆಗಳ ಪರೀಕ್ಷೆ ಮಾಡಿಸಿ, ಕೊರತೆ ಖಚಿತವಾದರೆ ಲೀಟರ್ ನೀರಿಗೆ 1ರಿಂದ 2 ಗ್ರಾಂ ಬೋರಿಕ್ ಆಮ್ಲ ಬೆರೆಸಿ ಸಿಂಪಡಿಸುವುದು ರೂಢಿಯಲ್ಲಿದೆ. ಬೋರಾನ್ ಹೆಚ್ಚಾದರೂ ಗಿಡಕ್ಕೆ ವಿಷವೇ. ಆದ್ದರಿಂದ ಅಳತೆ ಮೀರಬೇಡಿ. ಸುಣ್ಣದ ಅಂಶ ಸಿಪ್ಪೆಗೆ ಬಲ ಕೊಡುತ್ತದೆ. ಅದರ ಕೊರತೆಯಿದ್ದರೆ ಅದನ್ನೂ ತುಂಬಬೇಕು.

ಹಣ್ಣಿನ ಮೇಲೆ ಮೊದಲು ಎಣ್ಣೆ ಸವರಿದಂತಹ ಕಪ್ಪು ಚುಕ್ಕೆಗಳು ಕಂಡು, ಆಮೇಲೆ ಆ ಚುಕ್ಕೆಗಳ ನಡುವೆಯೇ ಕವಲೊಡೆದ ಬಿರುಕು ಮೂಡಿದ್ದರೆ ಅದು ದುಂಡಾಣು ಅಂಗಮಾರಿ ರೋಗ. 2000ದ ದಶಕದಲ್ಲಿ ಉತ್ತರ ಕರ್ನಾಟಕದ ಎಷ್ಟೋ ತೋಟಗಳನ್ನು ಬುಡಸಹಿತ ಕೀಳಿಸಿದ ರೋಗ ಅದೇ. ಅದಕ್ಕೆ ನೀರಿನ ಹದ ಮದ್ದಲ್ಲ. ತಡಮಾಡದೆ ತೋಟಗಾರಿಕೆ ಇಲಾಖೆಯವರನ್ನು ಕಾಣಬೇಕು. ನೀರಿನ ಬಿರುಕಿನಲ್ಲಿ ಇಂಥ ಚುಕ್ಕೆಗಳಿರುವುದಿಲ್ಲ. ಸ್ವಚ್ಛವಾದ ಸಿಪ್ಪೆ ಉದ್ದಕ್ಕೋ ಅಡ್ಡಕ್ಕೋ ಸೀಳಿರುತ್ತದೆ.

ಜಾತಿಯ ಮಾತೂ ಬರುತ್ತದೆ. ಪುಣೆಯ ಗಣೇಶಖಿಂಡದಲ್ಲಿ ಡಾ. ಜಿ. ಎಸ್. ಚೀಮಾ ಅವರು 1936ರಲ್ಲಿ ಆಯ್ದ ಗಣೇಶ್ ಜಾತಿ ಬಹುಕಾಲ ನಮ್ಮ ತೋಟಗಳನ್ನು ಆಳಿತು. ಈಗ ಎಲ್ಲೆಲ್ಲೂ ದಪ್ಪ ಸಿಪ್ಪೆಯ ಭಗ್ವಾ. ದೂರದ ಸಾಗಾಣಿಕೆಗೆ ಅದು ಒಳ್ಳೆಯದು, ನಿಜ. ಹಾಗೆಂದು ಭಗ್ವಾ ನೆಟ್ಟವರು ನೀರಿನ ಹದ ತಪ್ಪಿಸಬಹುದು ಎಂದಲ್ಲ. ದಪ್ಪ ಸಿಪ್ಪೆಯೂ ಒಣಗಿದರೆ ಸೀಳುತ್ತದೆ.

ನೀರು ಕೊಡುವ ಕ್ರಮ

ಕಾಯಿ ಕಟ್ಟಿದ ಮೇಲೆ ವಾರಕ್ಕೊಮ್ಮೆ ಹೆಚ್ಚು ನೀರು ಕೊಡುವುದಕ್ಕಿಂತ ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ಕೊಡುವುದು ಮೇಲು. ಹನಿ ನೀರಾವರಿಯ ದೊಡ್ಡ ಉಪಕಾರ ಇದೇ. ಅದರಿಂದ ನೀರು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಣ್ಣೂ ಉಳಿಯುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಂತರ ಸ್ವಲ್ಪ ಹೆಚ್ಚಿರಬಹುದು. ಕೆಂಪು ಮರಳು ಮಣ್ಣಿನಲ್ಲಿ ಅಂತರ ಕಡಿಮೆ ಇರಬೇಕು.

ಗಡಿಯಾರ ನೋಡಿ ನೀರು ಬಿಡುವುದಷ್ಟೇ ಸಾಲದು, ಮಣ್ಣನ್ನೂ ನೋಡಬೇಕು. ಡ್ರಿಪ್ಪರ್ ಪಕ್ಕದಲ್ಲಿ ಒಂದು ಗೇಣು ಆಳ ಅಗೆದು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆಯುವಂತಿದ್ದರೆ ಹದ ಸರಿಯಿದೆ. ಉಂಡೆಯೇ ಕಟ್ಟದೆ ಪುಡಿಯಾಗಿ ಸುರಿದರೆ ನೀವು ತಡಮಾಡಿದ್ದೀರಿ. ಅಂಗೈಗೆ ರಾಡಿ ಅಂಟಿದರೆ ಹೆಚ್ಚಾಗಿದೆ. ಇದಕ್ಕೆ ಯಾವ ಯಂತ್ರವೂ ಬೇಡ. ತೋಟದ ನಾಲ್ಕು ಮೂಲೆ ಮತ್ತು ನಡುವೆ, ವಾರಕ್ಕೆರಡು ಸಲ ಹೀಗೆ ನೋಡಿದರೆ ಸಾಕು.

ಡ್ರಿಪ್ಪರ್‌ಗಳನ್ನೂ ಪರೀಕ್ಷಿಸಿ. ಗಂಟೆಗೆ 4 ಲೀಟರ್ ಕೊಡಬೇಕಾದ ಡ್ರಿಪ್ಪರ್‌ನ ಕೆಳಗೆ ಪಾತ್ರೆಯಿಟ್ಟರೆ 15 ನಿಮಿಷಕ್ಕೆ 1 ಲೀಟರ್ ತುಂಬಬೇಕು. ಅರ್ಧ ಲೀಟರ್ ಮಾತ್ರ ಬಂದರೆ ಆ ಗಿಡ ಅರೆಹೊಟ್ಟೆಯಲ್ಲಿದೆ ಎಂದೇ ಅರ್ಥ. ಒಂದೇ ಸಾಲಿನಲ್ಲಿ ಒಂದು ಗಿಡದ ಹಣ್ಣು ಬಿರಿದು ಪಕ್ಕದ್ದು ಚೆನ್ನಾಗಿರುವುದಕ್ಕೆ ಕಟ್ಟಿಕೊಂಡ ಡ್ರಿಪ್ಪರ್ ಕಾರಣವಾಗಿರುವುದುಂಟು. ಫಿಲ್ಟರನ್ನು ತೊಳೆಯುವ, ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ ಕಸ ಹೊರಬಿಡುವ ಕೆಲಸವನ್ನು ನಾಳೆಗೆಂದು ಮುಂದೂಡಬೇಡಿ.

ಬುಡಕ್ಕೆ ಹೊದಿಕೆ ಹಾಕಿ. ಕಬ್ಬಿನ ರವದಿ, ಶೇಂಗಾ ಹೊಟ್ಟು, ಒಣ ಹುಲ್ಲು ಯಾವುದಾದರೂ ಆದೀತು. ಬಿಸಿಲು ನೇರವಾಗಿ ನೆಲವನ್ನು ಮುಟ್ಟದಿದ್ದರೆ ಹದ ಬೇಗ ಆರುವುದಿಲ್ಲ. ಬಿಸಿಗಾಳಿ ಬೀಸುವ ದಿಕ್ಕಿಗೆ ಬದುವಿನ ಮೇಲೆ ಗಾಳಿ ತಡೆಯುವ ಮರಗಳಿದ್ದರೆ ಸಿಪ್ಪೆಗೂ ತಂಪು.

ಇನ್ನು ಮಳೆಯ ಮಾತು. "ಹೇಗೂ ನಾಲ್ಕು ದಿನದಲ್ಲಿ ಮಳೆ ಬರುತ್ತದೆ, ಈಗ ಯಾಕೆ ನೀರು?" ಎಂದು ಪಂಪ್‌ಸೆಟ್ ನಿಲ್ಲಿಸುವವರುಂಟು. ಬಿರುಕಿಗೆ ಇದಕ್ಕಿಂತ ದೊಡ್ಡ ಆಹ್ವಾನವಿಲ್ಲ. ಮಳೆ ಬರುವ ಮುನ್ನ ನೆಲ ಹದವಾಗಿಯೇ ಇರಬೇಕು. ಆಗ ಮಳೆಯ ನೀರು ಬೇರಿಗೆ ಹೊಸದಾಗಿ ಕಾಣುವುದಿಲ್ಲ. ಮಳೆ ಬಂದ ಮೇಲೆ ಅಗೆದು ನೋಡಿ. ಗೇಣುದ್ದ ನೆನೆದಿದ್ದರೆ ನೀರು ನಿಲ್ಲಿಸಿ, ಪಾತಿಯಲ್ಲಿ ನಿಂತ ನೀರನ್ನು ಬಸಿಗಾಲುವೆಯಿಂದ ಹೊರಹಾಕಿ. ಬರೀ ಮೇಲ್ಮಣ್ಣು ಒದ್ದೆಯಾಗಿದ್ದರೆ ಎಂದಿನ ನೀರನ್ನು ಮುಂದುವರಿಸಿ.

ಮೋಟಾರು ಕೆಟ್ಟ ದಿನ

ಎಷ್ಟೇ ಎಚ್ಚರದಿಂದಿದ್ದರೂ ಮೋಟಾರು ಸುಡುತ್ತದೆ, ಟ್ರಾನ್ಸ್‌ಫಾರ್ಮರ್ ಕೆಡುತ್ತದೆ, ವಾರಗಟ್ಟಲೆ ನೀರಿಲ್ಲದೆ ತೋಟ ಒಣಗುತ್ತದೆ. ಮೋಟಾರು ರಿಪೇರಿಯಾಗಿ ಬಂದ ರಾತ್ರಿ ನಮ್ಮ ಮನಸ್ಸು ಏನು ಹೇಳುತ್ತದೆ? "ಪಾಪ, ಗಿಡ ಬಾಯಾರಿವೆ, ಇಡೀ ರಾತ್ರಿ ಓಡಲಿ." ಈ ಕನಿಕರವೇ ಹಣ್ಣಿಗೆ ಮುಳುವು. ಹಸಿದವನಿಗೆ ಒಮ್ಮೆಲೇ ಹೊಟ್ಟೆಬಿರಿಯ ಉಣಿಸುವವರುಂಟೇ? ಮೊದಲ ದಿನ ಎಂದಿನ ನೀರಿನ ಮೂರನೆಯ ಒಂದು ಪಾಲು, ಎರಡು ದಿನ ಬಿಟ್ಟು ಅರ್ಧ, ಹೀಗೆ ಒಂದು ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ಬನ್ನಿ.

ಬಾವಿಯ ನೀರೇ ಇಳಿಯತೊಡಗಿದರೆ ಸರದಿ ತಪ್ಪಿಸಬೇಡಿ. ಪ್ರತಿ ಸರದಿಯಲ್ಲಿ ಕೊಡುವ ನೀರನ್ನು ಎಲ್ಲ ಗಿಡಗಳಿಗೂ ಸಮನಾಗಿ ಕಡಿಮೆ ಮಾಡಿ, ಜೊತೆಗೆ ಗಿಡದ ಮೇಲಿನ ಕಾಯಿಗಳನ್ನೂ ಕಡಿಮೆ ಮಾಡಿ. ಕಟ್ಟಿದ ಕಾಯಿಯನ್ನು ಕೈಯಾರೆ ಕಿತ್ತು ಹಾಕುವುದು ಸಂಕಟದ ಕೆಲಸವೇ. ಆದರೆ ನೂರು ಕಾಯಿ ಬಿಟ್ಟು ಅರ್ಧ ಬಿರಿಯುವುದಕ್ಕಿಂತ ಅರವತ್ತು ಕಾಯಿ ಬಿಟ್ಟು ಅರವತ್ತನ್ನೂ ಪೇಟೆಗೆ ಕಳಿಸುವುದು ಜಾಣತನ.

ಹಣ್ಣು ಬಲಿತ ಮೇಲೆ ಧಾರಣೆ ಏರಲೆಂದು ಗಿಡದಲ್ಲೇ ಬಿಟ್ಟು ಕಾಯುವುದೂ ಅಪಾಯ. ತುದಿಯ ಕಿರೀಟ ಒಳಕ್ಕೆ ಮುಚ್ಚಿಕೊಂಡು, ಹಣ್ಣಿನ ಪಕ್ಕಗಳು ಚಪ್ಪಟೆಯಾಗಿ, ತಟ್ಟಿದರೆ ಲೋಹದಂಥ ಸದ್ದು ಬಂದರೆ ಕೊಯ್ಲಿಗೆ ಸಿದ್ಧವೆಂದು ತಿಳಿಯಿರಿ. ಮೋಡ ಕಟ್ಟಿದ್ದರೆ ಅಂದೇ ಕೊಯ್ಯಿರಿ. ಬಿರಿದವನ್ನು ಅಂದಂದೇ ಬೇರ್ಪಡಿಸಿ. ಕೆಡದಿದ್ದರೆ ಮನೆಬಳಕೆಗೋ ರಸಕ್ಕೋ ಆಗುತ್ತದೆ, ಕೊಳೆತದ್ದನ್ನು ಗುಂಡಿ ತೆಗೆದು ಮುಚ್ಚಿ. ಬದುವಿನ ಮೇಲೆ ಎಸೆದರೆ ಹುಳು ಮತ್ತು ರೋಗಕ್ಕೆ ಅದೇ ತವರಾಗುತ್ತದೆ.

ಎಷ್ಟು ನೀರೋ ಅಷ್ಟೇ ಗಿಡ

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆಯೊಂದು ಉಳಿಯುತ್ತದೆ. ನೀರೇ ಇಲ್ಲದಿದ್ದರೆ ಹದ ಕಾಯುವುದೆಲ್ಲಿಂದ? ಹೆಚ್ಚಿನ ತೋಟಗಳಲ್ಲಿ ಹಣ್ಣು ಬಿರಿಯುವುದಕ್ಕೆ ನಿಜವಾದ ಕಾರಣ ಗಿಡ ನೆಡುವ ದಿನವೇ ಮಾಡಿದ ಲೆಕ್ಕದ ತಪ್ಪು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ಲೆಕ್ಕವನ್ನು ನೀವೇ ಮಾಡಿ ನೋಡಿ. 200 ಲೀಟರಿನ ಡ್ರಮ್ ಒಂದನ್ನು ಪಂಪಿನ ಬಾಯಿಗೆ ಹಿಡಿಯಿರಿ. 3 ನಿಮಿಷದಲ್ಲಿ ತುಂಬಿದರೆ ಗಂಟೆಗೆ 4,000 ಲೀಟರ್ ನೀರಿದೆ. ದಿನಕ್ಕೆ 5 ಗಂಟೆ ವಿದ್ಯುತ್ ಸಿಕ್ಕರೆ 20,000 ಲೀಟರ್. ಬೇಸಿಗೆಯಲ್ಲಿ ಫಲ ಹೊತ್ತ ಒಂದು ಗಿಡಕ್ಕೆ ದಿನಕ್ಕೆ 40 ಲೀಟರ್ ಎಂದು ಲೆಕ್ಕದ ಸುಲಭಕ್ಕಾಗಿ ಹಿಡಿದರೆ ಇದು 500 ಗಿಡಗಳಿಗೆ ಸಾಕು. ಆದರೆ ಇದು ದೀಪಾವಳಿಯ ಹೊತ್ತಿನ ನೀರು. ಮೇ ತಿಂಗಳಲ್ಲಿ ಅದೇ ಡ್ರಮ್ ತುಂಬಲು 6 ನಿಮಿಷ ಹಿಡಿದರೆ? ನೀರು 10,000 ಲೀಟರಿಗೆ ಇಳಿಯಿತು, 250 ಗಿಡಗಳಿಗೆ ಮಾತ್ರ ಸಾಕು. 15 ಅಡಿಗೆ 10 ಅಡಿ ಅಂತರದಲ್ಲಿ ಎಕರೆಗೆ ಸುಮಾರು 290 ಗಿಡ ಹಿಡಿಯುತ್ತವೆ. ಅಂದರೆ ಒಂದು ಎಕರೆಗೂ ಪೂರ್ತಿ ನೀರಿಲ್ಲ. ದೀಪಾವಳಿಯ ನೀರನ್ನು ನಂಬಿ 500 ಗಿಡ ನೆಟ್ಟವನು ಮೇ ತಿಂಗಳಲ್ಲಿ ಪ್ರತಿ ಗಿಡಕ್ಕೂ ಅರೆಹೊಟ್ಟೆ ಉಣಿಸುತ್ತಾನೆ. ಜೂನ್‌ನಲ್ಲಿ ಮಳೆ ಬಂದು ಹಣ್ಣು ಬಿರಿದರೆ ತಪ್ಪು ಯಾರದು?

ಗಿಡದ ವಯಸ್ಸು, ಮಣ್ಣು, ಬಿಸಿಲಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ಲೆಕ್ಕದ ರೀತಿ ಮಾತ್ರ ಬದಲಾಗುವುದಿಲ್ಲ. ಬಾವಿಯ ತುಂಬಿದ ನೀರನ್ನು ನೋಡಿ ತೋಟ ಅಳೆಯಬೇಡಿ, ಬತ್ತಿದ ನೀರನ್ನು ನೋಡಿ ಅಳೆಯಿರಿ. ನೀರು ಸಾಲದೆಂದು ಇನ್ನೊಂದು, ಮತ್ತೊಂದು ಕೊಳವೆ ಬಾವಿ ಕೊರೆಸುವ ಜೂಜಿನಲ್ಲಿ ಹೊಲ ಅಡವಿಟ್ಟ ಕುಟುಂಬಗಳು ನಮ್ಮ ಬಯಲುಸೀಮೆಯಲ್ಲಿ ಬೇಕಾದಷ್ಟಿವೆ. ಕೃಷಿ ಹೊಂಡ ತೋಡಿ ಮಳೆಯ ನೀರನ್ನು ಕೂಡಿಡುವುದು ಅದಕ್ಕಿಂತ ಕಡಿಮೆ ಖರ್ಚಿನ ದಾರಿ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಉದ್ದೇಶವೂ ಇದೇ ಆಗಿತ್ತು.

ಆಡಳಿತಕ್ಕೂ ಒಂದು ಮಾತು ಹೇಳದೆ ವಿಧಿಯಿಲ್ಲ. ರೈತ ನೀರನ್ನು ಸಮನಾಗಿ ಕೊಡಬೇಕಾದರೆ ಅವನಿಗೆ ವಿದ್ಯುತ್ ಸಮನಾಗಿ ಸಿಗಬೇಕು. ಎಷ್ಟು ಗಂಟೆ ಎಂಬುದಕ್ಕಿಂತ ಯಾವ ಗಂಟೆ ಎಂಬುದು ಮೊದಲೇ ತಿಳಿದಿರಬೇಕು. ಇಂದು ಹಗಲು, ನಾಳೆ ನಡುರಾತ್ರಿ, ನಾಡಿದ್ದು ಇಲ್ಲವೇ ಇಲ್ಲ ಎಂದಾದರೆ ಎಂಥ ಜಾಣ ರೈತನೂ ಹದ ಕಾಯಲಾರ. ಕಾಯಿ ದಪ್ಪವಾಗುವ ತಿಂಗಳುಗಳಲ್ಲಾದರೂ ತ್ರೀ ಫೇಸ್ ವಿದ್ಯುತ್ತಿನ ವೇಳಾಪಟ್ಟಿಯನ್ನು ಊರಿನಲ್ಲಿ ಮೊದಲೇ ಸಾರಿ, ಅದರಂತೆ ನಡೆದುಕೊಳ್ಳುವುದು ಕಷ್ಟವಲ್ಲ. ಇದನ್ನು ಒತ್ತಾಯಿಸಿ ಕೇಳುವ ಹಕ್ಕು ನಿಮಗಿದೆ.

ಹೆಚ್ಚಿನ ಮಾಹಿತಿ ಬೇಕಾದವರು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಬಹುದು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಬಿರಿದ ಹಣ್ಣನ್ನು ಒಂದು ಕೈಯಲ್ಲಿ, ಬುಡದ ಮಣ್ಣನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋಗಿ. ಎರಡನ್ನೂ ನೋಡದೆ ಸಲಹೆ ಕೊಡುವವರ ಮಾತನ್ನು ನಂಬಬೇಡಿ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಹಣ್ಣು ಬಿರಿದ ಮೇಲೆ ಹೊಡೆಯುವ ಔಷಧಿಯೂ ಹಾಗೆಯೇ. ಅದು ಸೀಳಿದ ಸಿಪ್ಪೆಯನ್ನು ಹೊಲಿಯಲಾರದು. ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ ಮೇಲಿನ ಹಣ್ಣನ್ನು ನೋಡುವ ಮೊದಲು ಬಾಗಿ ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ಹಿಚುಕಿ ನೋಡಿ. ಮುಂದಿನ ಮಳೆಗೆ ನಿಮ್ಮ ಹಣ್ಣು ಏನಾಗುತ್ತದೆ ಎಂಬುದನ್ನು ಅದು ಇಂದೇ ಹೇಳುತ್ತದೆ.